ಮೂವತ್ತು–ನಲವತ್ತರ ಸೈಟಿಗೆ ಮೈನಸ್ ನಲವತ್ತು ಎಲ್ಲಿಂದ ಬಂತು?

[ದೃಶ್ಯ: ದಾವಣಗೆರೆಯ ಹೊರವಲಯದಲ್ಲಿ ಒಂದು ಖಾಲಿ ಸೈಟು. ನಿರೂಪಕರ ಕೈಯಲ್ಲಿ ಅಳತೆಯ ಟೇಪು, ಕಾಲ ಬಳಿ ಸುಣ್ಣದ ಪುಡಿಯ ಡಬ್ಬ.]

ನಮಸ್ಕಾರ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಾಳೆ: "ಸರ್, ವರ್ಗ ಸಮೀಕರಣ ಬಿಡಿಸಿದರೆ ಎರಡು ಉತ್ತರ ಬರುತ್ತವೆ. ಮೈನಸ್ ಇರುವುದನ್ನು ಹೊಡೆದುಹಾಕಿ ಎನ್ನುತ್ತಾರೆ. ಬೇಡವಾದದ್ದು ಬರುವುದಾದರೂ ಏಕೆ?" ಹೇಳದೆ ಕೇಳದೆ ಬಂದ ನೆಂಟರಿಗೂ ನಾವು ಮಂಡಕ್ಕಿ ಮಿರ್ಚಿ ಕೊಟ್ಟು ಕೂರಿಸುತ್ತೇವೆ. ಈ ಮೈನಸ್ಸನ್ನೂ ಒಮ್ಮೆ ವಿಚಾರಿಸಿಕೊಳ್ಳೋಣ.

ಸೈಟಿನ ಉದ್ದ ಅಗಲಕ್ಕಿಂತ 10 ಅಡಿ ಹೆಚ್ಚು. ವಿಸ್ತೀರ್ಣ 1200 ಚದರ ಅಡಿ. ಅಳತೆ ಎಷ್ಟು? ಸೈಟು ಹುಡುಕಿ ಅಲೆದವರಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ದಯವಿಟ್ಟು ಅವರು ಸುಮ್ಮನಿರಬೇಕು.

ಅಗಲವನ್ನು ಎಕ್ಸ್ ಎನ್ನಿ, ಉದ್ದ ಎಕ್ಸ್ + 10. ಗುಣಿಸಿದರೆ ಎಕ್ಸ್² + 10ಎಕ್ಸ್ = 1200. ಸೂತ್ರ ನಿಮಗೆ ಬಾಯಿಪಾಠವಿದೆ, ಅದು ಅಲ್ಲೇ ಇರಲಿ. ನಾನು ಸುಣ್ಣದ ಪುಡಿ ತೆಗೆದುಕೊಳ್ಳುತ್ತೇನೆ.

[ನೆಲದ ಮೇಲೆ ಗೆರೆ ಎಳೆಯುತ್ತಾ]

ಇದು ಎಕ್ಸ್ ಬದಿಯ ಚೌಕ. ಅದರ ಪೂರ್ವಕ್ಕೆ ಉಳಿದದ್ದು 10 ಅಡಿಯ ಪಟ್ಟಿ. ಪಟ್ಟಿಯನ್ನು ಐದೈದು ಅಡಿಯಂತೆ ಎರಡಾಗಿ ಸೀಳಿದೆ. ಒಂದು ಅಲ್ಲೇ ಇರಲಿ, ಇನ್ನೊಂದನ್ನು ಎತ್ತಿ ಉತ್ತರದ ಬದಿಗೆ ಮಲಗಿಸಿದೆ. ಈಗ ಇಡೀ ಆಕಾರ ಚೌಕವಾಗಿಬಿಟ್ಟಿತು, ಈಶಾನ್ಯದ ಈ ಮೂಲೆಯೊಂದನ್ನು ಬಿಟ್ಟು. ಐದಡಿಗೆ ಐದಡಿ. ನೋಡಿ, ನಾನು ಒಳಗೆ ನಿಂತಿದ್ದೇನೆ. ಒಂದು ಸ್ಕೂಟರನ್ನು ಓರೆಯಾಗಿ ನಿಲ್ಲಿಸಬಹುದು, ಅಷ್ಟೇ. ಆದರೆ ಇಡೀ ಲೆಕ್ಕದ ಬೀಗದ ಕೈ ಈ 25 ಚದರ ಅಡಿಯಲ್ಲಿದೆ. ಇದನ್ನು ತುಂಬಿದರೆ 1200 ಇದ್ದದ್ದು 1225 ಆಯಿತು. 1225 ಎಂದರೆ 35ರ ವರ್ಗ. ಎಕ್ಸ್ + 5 = 35, ಎಕ್ಸ್ = 30.

ಪುಸ್ತಕದಲ್ಲಿ "ವರ್ಗ ಪೂರ್ಣಗೊಳಿಸುವುದು" ಎಂದು ಓದುತ್ತೇವಲ್ಲ, ಅದು ಅಕ್ಷರಶಃ ಮೂಲೆ ತುಂಬುವ ಕೆಲಸ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ಎಂಬ ಗಣಿತಜ್ಞ ಎಕ್ಸ್² + 10ಎಕ್ಸ್ = 39 ಎಂಬುದನ್ನು ಹೀಗೆಯೇ ಚಿತ್ರ ಬರೆದು ಬಿಡಿಸಿದ್ದ. ಇದೇ 10, ಇದೇ 25! ಆತ ಕೊಟ್ಟ ಉತ್ತರ 3 ಮಾತ್ರ. ಮೈನಸ್ 13ಕ್ಕೆ ಚಿತ್ರದಲ್ಲಿ ಜಾಗವೆಲ್ಲಿದೆ?

ನಮ್ಮ ಮೈನಸ್ಸಿಗೆ ಬರೋಣ. ಮೈನಸ್ 35ರ ವರ್ಗವೂ 1225 ತಾನೇ? ಆಗ ಎಕ್ಸ್ = −40. ಎಲ್ಲರೂ ಇಲ್ಲಿಗೇ ಪೆನ್ನು ಹೊಡೆದು ಮುಗಿಸುತ್ತಾರೆ. ಒಂದು ಹೆಜ್ಜೆ ಮುಂದೆ ಹೋಗಿ: ಎಕ್ಸ್ + 10 = −30. ನಲವತ್ತು, ಮೂವತ್ತು. ಅದೇ ಸೈಟು! ಅಗಲದ ಬದಲು ಉದ್ದವನ್ನೇ ಎಕ್ಸ್ ಎಂದಿದ್ದರೆ ಉತ್ತರ 40 ಮತ್ತು −30 ಎಂದು ಬರುತ್ತಿತ್ತು. ನೀವು ಅಗಲ ಕೇಳಿದಿರಿ. ಸಮೀಕರಣ ಉದ್ದವನ್ನೂ ಹೇಳಿತು, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡು. ಪರೀಕ್ಷೆಯಲ್ಲಿ ಧಾರಾಳವಾಗಿ ಹೊಡೆದುಹಾಕಿ. ಕಸ ಎಂದು ಮಾತ್ರ ಕರೆಯಬೇಡಿ.

ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರಿಗೂ ಇದೇ ಫಜೀತಿ. ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಕೋತಿಗಳು ಗುಹೆಗೆ ಹೋದವು, ಒಂದು ಕೊಂಬೆಯ ಮೇಲೆ ಉಳಿಯಿತು, ಹಿಂಡಿನಲ್ಲಿ ಎಷ್ಟು? 50 ಅಥವಾ 5. ಐದಾದರೆ ಒಂದರಲ್ಲಿ ಮೂರು ಕಳೆಯಬೇಕು, ಮೈನಸ್ ಎರಡು ಕೋತಿ! ಇಂತಹದ್ದನ್ನು ಜನ ನಂಬುವುದಿಲ್ಲ ಎಂದು ಅವರು ಐದನ್ನು ಬಿಟ್ಟರು. ಚಿತ್ರದುರ್ಗದ ಕೋಟೆಯಲ್ಲಿ ಬಾಳೆಹಣ್ಣು ಕಳೆದುಕೊಂಡವರಿಗೆ ಮೈನಸ್ ಕೋತಿಗಳು ಬಂದರೆ ಸಂತೋಷವೇ.

ಸಮಯ ಮುಗಿಯುತ್ತಿದೆ. ಗೋಡೆಗೆ ಒರಗಿದ ಏಣಿ, ತೋಟದ ಸುತ್ತಿನ ದಾರಿ, ಎಲ್ಲದಕ್ಕೂ ಇದೇ ದಾರಿ: ಗೊತ್ತಿಲ್ಲದ ಬದಿಗೆ ಹೆಸರಿಡಿ, ವಿಸ್ತೀರ್ಣವನ್ನೋ ಪೈಥಾಗೊರಸ್ ಪ್ರಮೇಯವನ್ನೋ ಬರೆಯಿರಿ. ಶೋಧಕ, ಅಂದರೆ ಸೂತ್ರದಲ್ಲಿ ವರ್ಗಮೂಲದೊಳಗೆ ಬರುವ ಸಂಖ್ಯೆ, ಋಣವಾದರೆ ಅಂತಹ ಆಕಾರವೇ ಇಲ್ಲ. ಯಾರಾದರೂ 140 ಅಡಿ ಕಾಂಪೌಂಡಿನೊಳಗೆ 1300 ಚದರ ಅಡಿಯ ಆಯತಾಕಾರದ ಸೈಟು ಎಂದರೆ, ಉದ್ದ ಅಗಲ ಸೇರಿ 70, ಸಮೀಕರಣ ಎಕ್ಸ್² − 70ಎಕ್ಸ್ + 1300 = 0; 70ರ ವರ್ಗ 4900ರಲ್ಲಿ 1300ರ ನಾಲ್ಕು ಪಟ್ಟು 5200 ಕಳೆಯಿರಿ, −300, ಮುಂಗಡ ಕೊಡಬೇಡಿ. ಅಷ್ಟು ಗೋಡೆಯಲ್ಲಿ ಆಯತಕ್ಕೆ ದಕ್ಕುವುದು ಹೆಚ್ಚೆಂದರೆ 35ಕ್ಕೆ 35ರ ಚೌಕ, 1225. ನಮ್ಮ ಮೂಲೆಯ 25 ಮತ್ತೆ ಬಂತು!

[ಉತ್ತರದ ಕಡೆಯಿಂದ ಯಾರೋ ಕೂಗುತ್ತಾರೆ]

ಅಯ್ಯೋ, ಆ ಉತ್ತರದ ಪಟ್ಟಿಯನ್ನು ನಾನು ಪಕ್ಕದವರ ಸೈಟಿನಲ್ಲಿ ಮಲಗಿಸಿದ್ದೇನೆ. ಯಜಮಾನರೇ, ಸುಣ್ಣದ ಪುಡಿ ಅಷ್ಟೇ, ಅಳಿಸುತ್ತೇನೆ!