ಶೋಧ ಸರ್ವರಿಗೆ ಪೂರ್ಣ ವಿಳಾಸ

ಕೇಳುಗರಿಗೆ ನಮಸ್ಕಾರ.

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಮನೆಯ ದಾರಿ ಹೇಳುವಾಗ 'ನಿಲ್ದಾಣದಿಂದ ಇಳಿದು ಎಡಕ್ಕೆ ತಿರುಗಿ' ಎಂದಷ್ಟೇ ಹೇಳಿದರೆ ಬಂಧುಗಳು ತಲುಪುವುದಿಲ್ಲ. ಪೂರ್ವಕ್ಕೆ ಇಳಿದವರ ಎಡ ಬೇರೆ, ಪಶ್ಚಿಮಕ್ಕೆ ಇಳಿದವರ ಎಡ ಬೇರೆ. ಕಂಪ್ಯೂಟರಿನಲ್ಲಿ ಫೋಲ್ಡರಿನ ದಾರಿಯನ್ನು ಬರೆಯುವಾಗಲೂ ಇದೇ ತೊಡಕು ಇದೆ, ಮತ್ತು ಅದು ನಮ್ಮ ಪುಸ್ತಕಾಲಯಕ್ಕೆ ಒಂದು ಇಡೀ ದಿನದ ಆತಂಕವನ್ನು ತಂದಿತ್ತು.

ಇಲ್ಲಿನ ಕನ್ನಡಿಗರು ಕೆಲವರು ಸೇರಿ ನಡೆಸುವ ಆ ಪುಸ್ತಕಾಲಯದ ಪಟ್ಟಿಯನ್ನು ಹುಡುಕಲು ನಾವು ಅಪಾಚೆ ಸೋಲರ್ ಎಂಬ ಶೋಧ ಸರ್ವರನ್ನು ಬಳಸುತ್ತಿದ್ದೆವು. 2004ರಲ್ಲಿ ಯಾನಿಕ್ ಸೀಲಿ ಅವರು ಸಿನೆಟ್ ಸಂಸ್ಥೆಯಲ್ಲಿ ಆರಂಭಿಸಿದ ಈ ತಂತ್ರಾಂಶವು 2006ರಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ಬಂದಿತು. ಅದರ ಒಳಗೆ ಹುಡುಕುವ ಕೆಲಸವನ್ನು ಮಾಡುವುದು ಲೂಸೀನ್ ಎಂಬ ತಂತ್ರಾಂಶ ಗ್ರಂಥಾಲಯ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಸಂಗ್ರಹ. ಆಗಿನ ಆವೃತ್ತಿ 1.4. ಅದು ತಾನೇ ನಿಂತು ನಡೆಯುತ್ತಿರಲಿಲ್ಲ. ಟಾಮ್‌ಕ್ಯಾಟ್‌ನಂತಹ ವೆಬ್ ಕಂಟೇನರಿನೊಳಗೆ, ಅಂದರೆ ವೆಬ್ ತಂತ್ರಾಂಶಗಳನ್ನು ತನ್ನೊಳಗೆ ನಡೆಸುವ ಇನ್ನೊಂದು ಸರ್ವರಿನೊಳಗೆ, ಒಂದು ವಾರ್ ಫೈಲಾಗಿ, ಅಂದರೆ ಇಡೀ ತಂತ್ರಾಂಶವನ್ನು ಕಟ್ಟಿಟ್ಟ ಒಂದೇ ಗಂಟಾಗಿ, ಕುಳಿತು ಕೆಲಸ ಮಾಡುತ್ತಿತ್ತು.

ಮಳೆಗಾಲದ ಒಂದು ರಾತ್ರಿ ಕರೆಂಟು ಹೋಗಿ ಬಂದ ಮೇಲೆ ನಮ್ಮ ತರುಣ ಸ್ವಯಂಸೇವಕರೊಬ್ಬರು ಟಾಮ್‌ಕ್ಯಾಟನ್ನು ಮತ್ತೆ ಆರಂಭಿಸಿ ಮನೆಗೆ ಹೋದರು. ಬೆಳಿಗ್ಗೆ ಪುಸ್ತಕ ಕೊಡುವ ಮೇಜಿನಲ್ಲಿ ಕುಳಿತಿದ್ದ ಅಕ್ಕನವರು ಫೋನ್ ಮಾಡಿ, "ಏನ್ರೀ ಇದು, ಕಾರಂತರದ್ದು ಒಂದೂ ಪುಸ್ತಕ ಇಲ್ಲ ಅಂತ ತೋರಿಸ್ತಾ ಇದೆಯಲ್ಲ!" ಎಂದರು. ದೋಷದ ಸೂಚನೆ ಎಲ್ಲಿಯೂ ಇರಲಿಲ್ಲ. ಸರ್ವರ್ ನಡೆಯುತ್ತಿತ್ತು, ಶೋಧದ ಪುಟ ತೆರೆಯುತ್ತಿತ್ತು, ಏನು ಕೇಳಿದರೂ ಉತ್ತರ ಮಾತ್ರ ಸೊನ್ನೆ. ತಿಂಗಳುಗಟ್ಟಲೆ ಸಂಜೆಗಳಲ್ಲಿ ಕುಳಿತು ಸೇರಿಸಿದ್ದ ಪಟ್ಟಿಯೆಲ್ಲ ಅಳಿಸಿಹೋಯಿತೆಂದೇ ನಾವು ಭಾವಿಸಿದೆವು.

ಅಳಿದಿರಲಿಲ್ಲ. ಆ ಆವೃತ್ತಿಯ ಸೋಲರ್‌ಕಾನ್ಫಿಗ್ ಡಾಟ್ ಎಕ್ಸ್‌ಎಂಎಲ್ ಎಂಬ ಫೈಲಿನಲ್ಲಿ ದತ್ತಾಂಶದ ಫೋಲ್ಡರನ್ನು 'ಡಾಟ್ ಸ್ಲ್ಯಾಷ್ ಸೋಲರ್ ಸ್ಲ್ಯಾಷ್ ಡೇಟಾ' ಎಂದು ಬರೆದಿರುತ್ತಿತ್ತು. ಮೊದಲಿನ ಆ ಚುಕ್ಕೆಯ ಅರ್ಥ 'ಈಗ ನಾನು ನಿಂತಿರುವ ಜಾಗ' ಎಂದು. ಟಾಮ್‌ಕ್ಯಾಟನ್ನು ಯಾವ ಫೋಲ್ಡರಿನಲ್ಲಿ ನಿಂತು ಆರಂಭಿಸಿದರೋ ಆ ಜಾಗ. ಸ್ವಯಂಸೇವಕರು ತಮ್ಮ ಸ್ವಂತ ಫೋಲ್ಡರಿನಿಂದ ಆರಂಭಿಸಿದ್ದರಿಂದ ಸೋಲರ್ ಅಲ್ಲಿಯೇ ಒಂದು ಹೊಸ, ಖಾಲಿ ಸೂಚಿಯನ್ನು, ಅಂದರೆ ತಾನು ಹುಡುಕಲು ಬಳಸುವ ಪಟ್ಟಿಯನ್ನು, ಕಟ್ಟಿಕೊಂಡು ಸುಮ್ಮನೆ ಕುಳಿತಿತ್ತು, ಹಳೆಯ ಸೂಚಿ ತನ್ನ ಜಾಗದಲ್ಲಿ ಹಾಗೆಯೇ ಇತ್ತು. ಆ ತರುಣರದು ಏನೂ ತಪ್ಪಿಲ್ಲ. ಆ ಸಾಲನ್ನು ಹಾಗೆಯೇ ಬಿಟ್ಟವನು ನಾನು.

ಸೋಲರ್‌ಗೆ ಬೇಕಾದ ದಾರಿಗಳು ಎರಡು ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಗೊಂದಲ ಹುಟ್ಟುವುದು ಇವನ್ನು ಒಂದೇ ಎಂದು ತಿಳಿದಾಗ. ಮೊದಲನೆಯದು ಸೋಲರ್ ಹೋಮ್, ಅಂದರೆ ಅದರ ಸಂಯೋಜನೆಯ ಫೈಲುಗಳಿರುವ ಮನೆ. ಎರಡನೆಯದು ಸೂಚಿ ಇರುವ ಡೇಟಾ ಫೋಲ್ಡರ್. ಮನೆಯನ್ನು ಸೋಲರ್ ಹುಡುಕುವ ಕ್ರಮ ಹೀಗಿತ್ತು: ಕಂಟೇನರು ಜೆಎನ್‌ಡಿಐ ಮೂಲಕ, ಅಂದರೆ ಜಾವಾ ತಂತ್ರಾಂಶಗಳಿಗೆ ಹೆಸರು ಹೇಳಿ ಮಾಹಿತಿ ಕೊಡುವ ವ್ಯವಸ್ಥೆಯ ಮೂಲಕ, 'ಸೋಲರ್ ಸ್ಲ್ಯಾಷ್ ಹೋಮ್' ಎಂಬ ಹೆಸರಿನಲ್ಲಿ ಏನನ್ನಾದರೂ ಕೊಟ್ಟಿದೆಯೇ ಎಂದು ಮೊದಲು ನೋಡುತ್ತದೆ, ಇಲ್ಲದಿದ್ದರೆ ಜಾವಾ ಆರಂಭಿಸುವಾಗ ಕೊಟ್ಟ 'ಸೋಲರ್ ಡಾಟ್ ಸೋಲರ್ ಡಾಟ್ ಹೋಮ್' ಎಂಬ ಹೆಸರಿನ ಮೌಲ್ಯವನ್ನು ನೋಡುತ್ತದೆ, ಅದೂ ಇಲ್ಲವಾದರೆ ನಿಂತ ಜಾಗದಲ್ಲಿಯೇ 'ಸೋಲರ್' ಎಂಬ ಫೋಲ್ಡರಿಗಾಗಿ ತಡಕಾಡುತ್ತದೆ. ಈ ಮೂರನೆಯದಕ್ಕೆ ಎಂದೂ ಬಿಡಬಾರದು.

ನಾನು ನೆಚ್ಚಿಕೊಂಡದ್ದು ಮೊದಲನೆಯದನ್ನು. ಟಾಮ್‌ಕ್ಯಾಟಿನ ಕಾನ್ಫ್ ಫೋಲ್ಡರಿನೊಳಗೆ ಕ್ಯಾಟಲಿನಾ, ಅದರೊಳಗೆ ಲೋಕಲ್‌ಹೋಸ್ಟ್ ಎಂಬ ಫೋಲ್ಡರ್ ಇರುತ್ತದೆ. ಅಲ್ಲಿ ಸೋಲರ್ ಡಾಟ್ ಎಕ್ಸ್‌ಎಂಎಲ್ ಎಂಬ ಚಿಕ್ಕ ಫೈಲನ್ನು ಇಟ್ಟರೆ, ಆ ಫೈಲಿನ ಹೆಸರೇ ವೆಬ್ ವಿಳಾಸದ ಭಾಗವಾಗುತ್ತದೆ. ಅದರೊಳಗಿನ ಕಾಂಟೆಕ್ಸ್ಟ್ ಸಾಲಿನಲ್ಲಿ ವಾರ್ ಫೈಲು ಎಲ್ಲಿದೆ ಎಂದೂ, ಎನ್ವಿರಾನ್‌ಮೆಂಟ್ ಸಾಲಿನಲ್ಲಿ ಮನೆ ಎಲ್ಲಿದೆ ಎಂದೂ, ಎರಡನ್ನೂ ಎಲ್ಲ ಫೋಲ್ಡರುಗಳ ಮೂಲವನ್ನು ಸೂಚಿಸುವ ಸ್ಲ್ಯಾಷ್‌ನಿಂದ ಆರಂಭಿಸಿ ಪೂರ್ಣವಾಗಿ ಬರೆಯಬೇಕು. ಮುಂದೆ ಬಂದ ಸೋಲರ್ ಆವೃತ್ತಿಗಳಲ್ಲಿ ಮನೆಯೊಳಗೂ ಇದೇ ಹೆಸರಿನ ಇನ್ನೊಂದು ಫೈಲು ಇರುತ್ತದೆ. ಅದು ಸೋಲರ್ ಓದುವ ಫೈಲು, ಇದು ಟಾಮ್‌ಕ್ಯಾಟ್ ಓದುವ ಫೈಲು. ಒಂದರಲ್ಲಿ ಬರೆಯಬೇಕಾದುದನ್ನು ಇನ್ನೊಂದರಲ್ಲಿ ಬರೆದು ಗಂಟೆಗಟ್ಟಲೆ ಕಳೆದವರನ್ನು ನಾನು ಕಂಡಿದ್ದೇನೆ.

ವಾರ್ ಫೈಲನ್ನೂ ಸೂಚಿಯನ್ನೂ ಟಾಮ್‌ಕ್ಯಾಟಿನ ವೆಬ್‌ಆ್ಯಪ್ಸ್ ಫೋಲ್ಡರಿನ ಹೊರಗೆ ಇಡುವುದು ಕ್ಷೇಮ. ಹೊಸ ವಾರ್ ಫೈಲನ್ನು ಅಲ್ಲಿಗೆ ತಂದು ಹಾಕಿದಾಗ ಟಾಮ್‌ಕ್ಯಾಟ್ ಹಳೆಯದನ್ನು ಬಿಚ್ಚಿಟ್ಟಿದ್ದ ಫೋಲ್ಡರನ್ನು ಅಳಿಸಿ ಹೊಸದನ್ನು ಬಿಚ್ಚುತ್ತದೆ. ಸೂಚಿ ಅದರೊಳಗಿದ್ದರೆ ಅದೂ ಹೋಗುತ್ತದೆ, ಆಗ ನಿಜವಾಗಿಯೂ ಹೋಗುತ್ತದೆ. ಡೇಟಾ ಫೋಲ್ಡರಿನಲ್ಲಿ ಬರೆಯುವ ಅನುಮತಿ ಟಾಮ್‌ಕ್ಯಾಟ್ ನಡೆಯುವ ಬಳಕೆದಾರನಿಗೆ ಇರಲೇಬೇಕು. ಎರಡು ಸರ್ವರುಗಳಿಗೆ ಒಂದೇ ಡೇಟಾ ಫೋಲ್ಡರನ್ನು ಕೊಡಬಾರದು: ಬರೆಯುತ್ತಿರುವ ಮೊದಲನೆಯದು ರೈಟ್ ಡಾಟ್ ಲಾಕ್ ಎಂಬ ಬೀಗವನ್ನು ಹಿಡಿದುಕೊಂಡಿರುವಾಗ ಎರಡನೆಯದಕ್ಕೆ ಬರೆಯಲು ಅವಕಾಶ ಸಿಗುವುದಿಲ್ಲ.

2015ರಲ್ಲಿ ಬಂದ 5.0 ಆವೃತ್ತಿಯಿಂದ ಸೋಲರ್ ತನ್ನದೇ ಜೆಟ್ಟಿ ಸರ್ವರಿನೊಂದಿಗೆ ಸ್ವತಂತ್ರವಾಗಿ ನಡೆಯುತ್ತದೆ, ಟಾಮ್‌ಕ್ಯಾಟಿನ ಹಂಗಿಲ್ಲ. ಲಿನಕ್ಸಿನಲ್ಲಿ ಸೇವೆಯಾಗಿ ಸ್ಥಾಪಿಸಿದರೆ ಮನೆ ಸಾಮಾನ್ಯವಾಗಿ 'ಸ್ಲ್ಯಾಷ್ ವಿಎಆರ್ ಸ್ಲ್ಯಾಷ್ ಸೋಲರ್ ಸ್ಲ್ಯಾಷ್ ಡೇಟಾ' ಎಂಬಲ್ಲಿರುತ್ತದೆ. ಆದರೆ ಹಳೆಯ ಪಟ್ಟಿಗಳನ್ನು ಇಂದಿಗೂ ಟಾಮ್‌ಕ್ಯಾಟಿನಲ್ಲಿ ನಡೆಸುತ್ತಿರುವ ಚಿಕ್ಕ ಸಂಘಗಳು ಇರಬಹುದು, ಅವರನ್ನು ನೆನೆದೇ ಇಷ್ಟು ಹೇಳಿದೆ.

ಅಂದು ನಮಗೆ ದಾರಿ ತೋರಿಸಿದ್ದು ಸೋಲರ್‌ನ ಆಡಳಿತ ಪುಟದ ತಲೆಭಾಗ. ಅಲ್ಲಿ 'ಸಿಡಬ್ಲ್ಯುಡಿ' ಎಂದು, ಅಂದರೆ ಸರ್ವರ್ ನಿಂತಿರುವ ಜಾಗವೆಂದು, ಸ್ವಯಂಸೇವಕರ ಫೋಲ್ಡರಿನ ಹೆಸರು ಕಾಣುತ್ತಿತ್ತು; ಅದರ ಪಕ್ಕದಲ್ಲಿ ಸೋಲರ್ ಹೋಮ್ ಸರಿಯಾಗಿಯೇ ಇತ್ತು. ಟಾಮ್‌ಕ್ಯಾಟನ್ನು ನಿಲ್ಲಿಸಿ, ಚುಕ್ಕೆಯನ್ನು ತೆಗೆದು, ಹಳೆಯ ಸೂಚಿಯ ಪೂರ್ಣ ದಾರಿಯನ್ನು ಆ ಸಾಲಿನಲ್ಲಿ ಬರೆದು, ಬೇಕೆಂದೇ ಬೇರೊಂದು ಫೋಲ್ಡರಿನಿಂದ ಮತ್ತೆ ಆರಂಭಿಸಿದೆವು. ಅಕ್ಕನವರು ಮೇಜಿನ ಬಳಿ ಕುಳಿತು 'ಕಾರಂತ' ಎಂದು ಬೆರಳಚ್ಚು ಮಾಡಿದರು, ಪುಸ್ತಕಗಳ ಸಾಲು ಪರದೆಯ ಕೊನೆಯವರೆಗೆ ಇಳಿದು ಬಂದಿತು.

ನಮಸ್ಕಾರ.