ಜನಾಂಗದ ಕಾಲಂ ತುಂಬಿದವರು ಯಾರು? ಪ್ರಾಸ್ಟೇಟ್ ಕ್ಯಾನ್ಸರ್ ಲೆಕ್ಕ ಎಲ್ಲಿ ತಪ್ಪುತ್ತದೆ

[ಪರದೆ: ಖಾಲಿ ಫಾರ್ಮು. 'ಜನಾಂಗ' ಕಾಲಂ ಹತ್ತಿರಕ್ಕೆ ಬರುತ್ತದೆ]

ಹುಬ್ಬಳ್ಳಿಯಲ್ಲಿ ಹುಟ್ಟಿ ನ್ಯೂಜೆರ್ಸಿಯಲ್ಲಿ ನೆಲೆಸಿದ ಒಬ್ಬರಿದ್ದಾರೆ ಅಂದುಕೊಳ್ಳಿ. ಅಮೆರಿಕದ 1970ರ ಜನಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದ್ದರು. 1980ರಲ್ಲಿ ಇವರೇ 'ಏಷಿಯನ್ ಇಂಡಿಯನ್' ಆದರು. ಮೈಯೂ ಅದೇ, ಪ್ರಾಸ್ಟೇಟ್ ಗ್ರಂಥಿಯೂ ಅದೇ.

ಅಮೆರಿಕದಲ್ಲಿ ಕಪ್ಪು ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬಿಳಿಯರಿಗಿಂತ ಸುಮಾರು ಶೇ 70ರಷ್ಟು ಹೆಚ್ಚು, ಸಾವು ಸುಮಾರು ಎರಡು ಪಟ್ಟು. ಇಷ್ಟು ದೊಡ್ಡ ಅಂತರ ಬರೀ ಗುಮಾಸ್ತಿಕೆಯ ತಪ್ಪಿನಿಂದ ಬರುವುದಿಲ್ಲ. ಪೇಚಾಟ ಶುರುವಾಗುವುದು ಸಣ್ಣ ಗುಂಪುಗಳಲ್ಲಿ, ಮತ್ತೆ 'ಯಾಕೆ' ಎಂದು ಕೇಳಿದಾಗ.

[ಪರದೆ: ಒಂದು ಭಿನ್ನರಾಶಿ]

ರೋಗದ ದರ ಒಂದು ಭಿನ್ನರಾಶಿ. ಮೇಲಿನ ಅಂಶ ಕ್ಯಾನ್ಸರ್ ರಿಜಿಸ್ಟ್ರಿಯಿಂದ, ಅಂದರೆ ಆಸ್ಪತ್ರೆಯ ಕಡತದಿಂದ ಬರುತ್ತದೆ. ಕೆಳಗಿನ ಛೇದ ಜನಗಣತಿಯದು, ಅದನ್ನು ಮನೆಯವರೇ ತುಂಬುತ್ತಾರೆ. ರೋಗಿಯನ್ನು ಎಣಿಸಿದ ಕೈ ಒಂದು, ತಲೆ ಎಣಿಸಿದ ಕೈ ಇನ್ನೊಂದು. ಮರಣ ಪತ್ರದಲ್ಲಂತೂ ಜನಾಂಗ ಬರೆಯುವುದು ಅಂತ್ಯಸಂಸ್ಕಾರ ನಡೆಸುವವರು: ಮನೆಯವರನ್ನು ಕೇಳಬೇಕು, ಕೆಲವೊಮ್ಮೆ ಮುಖ ನೋಡಿಯೇ ಬರೆದುಬಿಡುತ್ತಾರೆ. ಬದುಕಿದ್ದಾಗ ತಮ್ಮನ್ನು ಅಮೆರಿಕನ್ ಇಂಡಿಯನ್, ಅಂದರೆ ಅಲ್ಲಿನ ಮೂಲನಿವಾಸಿ, ಎಂದು ಹೇಳಿಕೊಂಡವರಲ್ಲಿ ಸುಮಾರು ಶೇ 40 ಮಂದಿ ಮರಣ ಪತ್ರದಲ್ಲಿ ಬೇರೆ ಜನಾಂಗದವರಾಗಿ ದಾಖಲಾಗಿದ್ದಾರೆ.

ಒಂದು ಲೆಕ್ಕ ಹಾಕೋಣ. ಸಣ್ಣ ಗುಂಪಿನಲ್ಲಿ 1,000 ಗಂಡಸರು, 20 ರೋಗಿಗಳು. ದೊಡ್ಡ ಗುಂಪಿನಲ್ಲಿ 20,000 ಗಂಡಸರು, 200 ರೋಗಿಗಳು. ಸಣ್ಣ ಗುಂಪಿನ 5 ರೋಗಿಗಳು ತಪ್ಪಾಗಿ ದೊಡ್ಡದಕ್ಕೆ ಹೋದರು. ಸಣ್ಣ ಗುಂಪಿನ ದರ ಸಾವಿರಕ್ಕೆ 20ರಿಂದ 15ಕ್ಕೆ ಬಿತ್ತು, ಕಾಲು ಭಾಗ ಮಾಯ. ದೊಡ್ಡ ಗುಂಪಿನಲ್ಲಿ 10 ಇದ್ದದ್ದು 10.25 ಆಯಿತು, ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪು ಒಂದೇ, ಪೆಟ್ಟು ಬಿದ್ದದ್ದು ಚಿಕ್ಕವರಿಗೆ.

ತಪ್ಪು ತಿರುಗಿಯೂ ಬೀಳುತ್ತದೆ. 2000ದಿಂದ ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗ ಗುರುತಿಸಬಹುದು. ರಿಜಿಸ್ಟ್ರಿಯಲ್ಲೂ ಜನಾಂಗಕ್ಕೆ ಐದು ಕಾಲಂ ಇವೆ. ಬಿಳಿಯ ಜೊತೆ ಇನ್ನೊಂದು ಇದ್ದರೆ ಆ ಇನ್ನೊಂದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಹೆಚ್ಚಿನ ವಿಶ್ಲೇಷಣೆ ನೋಡುವುದು ಮೊದಲ ಕಾಲಂ ಮಾತ್ರ. ಹಾಗಾಗಿ ತಾಯಿ ಬಿಳಿ, ತಂದೆ ಕಪ್ಪು ಇರುವವರು ಅಂಶದಲ್ಲಿ 'ಕಪ್ಪು', ಛೇದದಲ್ಲಿ 'ಎರಡು ಅಥವಾ ಹೆಚ್ಚು'. ಹೊಂದಿಸದೆ ಭಾಗಿಸಿದರೆ ಕಪ್ಪು ಗಂಡಸರ ದರ ಉಬ್ಬುತ್ತದೆ.

[ಪರದೆ: 8ನೇ ಕ್ರೋಮೋಸೋಮ್, ಒಂದು ತುದಿ ಬೆಳಗುತ್ತದೆ]

ಇನ್ನು 'ಯಾಕೆ'. 2006ರಲ್ಲಿ 8ನೇ ಕ್ರೋಮೋಸೋಮಿನಲ್ಲಿ ಈ ಕ್ಯಾನ್ಸರಿನ ಅಪಾಯಕ್ಕೆ ಸಂಬಂಧಿಸಿದ 8ಕ್ಯು24 ಎಂಬ ಜಾಗ ಸಿಕ್ಕಿತು. ಆ ತುಣುಕು ಆಫ್ರಿಕಾ ಮೂಲದಿಂದ ಬಂದಿದ್ದರೆ ಅಪಾಯ ಹೆಚ್ಚು. ಆದರೆ ಆಫ್ರಿಕನ್ ಅಮೆರಿಕನ್ನರಲ್ಲಿ ಸರಾಸರಿ ಸುಮಾರು ಶೇ 20 ಯುರೋಪಿನ ಮೂಲವಿದೆ, ಆಳಿಂದಾಳಿಗೆ ತುಂಬ ವ್ಯತ್ಯಾಸ. ಒಂದೇ 'ಕಪ್ಪು' ಟಿಕ್ ಹಾಕಿದವರಲ್ಲಿ ಆ ತುಣುಕು ಒಬ್ಬರಿಗೆ ಆಫ್ರಿಕಾದಿಂದ ಬಂದಿರುತ್ತದೆ, ಪಕ್ಕದವರಿಗೆ ಯುರೋಪಿನಿಂದ. ಇಥಿಯೋಪಿಯಾದವರಿಗೂ ಜಮೈಕಾದವರಿಗೂ ಅದೇ ಚೌಕ.

ಅದೇ ಟಿಕ್ ವಿಮೆ, ಆಸ್ಪತ್ರೆಯ ದೂರ, ಈ ಕ್ಯಾನ್ಸರಿನ ಸುಳಿವು ಹುಡುಕುವ ಪಿಎಸ್ಎ ರಕ್ತಪರೀಕ್ಷೆ ಸಿಕ್ಕಿತೋ ಇಲ್ಲವೋ, ಎಲ್ಲವನ್ನೂ ಹೊತ್ತುಕೊಂಡಿರುತ್ತದೆ. 2019ರಲ್ಲಿ 3 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ ಅಧ್ಯಯನವೊಂದರಲ್ಲಿ, ಒಂದೇ ಥರದ ಚಿಕಿತ್ಸೆ ಸಿಗುವ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಕಪ್ಪು ರೋಗಿಗಳು ಈ ಕ್ಯಾನ್ಸರಿನಿಂದ ಸಾಯುವ ಪ್ರಮಾಣ ಬಿಳಿಯರಿಗೆ ಸರಿಸಮವಾಗಿತ್ತು. ಆದರೂ ಅಂಕಿಅಂಶದ ಲೆಕ್ಕಕ್ಕೆ ಜನಾಂಗ ಸೇರಿಸಿ, ಉಳಿದ ಅಂತರಕ್ಕೆಲ್ಲ 'ಜೀವಶಾಸ್ತ್ರ' ಎಂದು ಹೆಸರಿಡುವ ಚಾಳಿ ಹೋಗಿಲ್ಲ. ಅಳೆಯದೇ ಬಿಟ್ಟದ್ದಕ್ಕೆ ಜೀನ್ ಎಂದು ಕರೆದರೆ ಅದು ಜೀನ್ ಆಗುವುದಿಲ್ಲ.

ಸಂಶೋಧನಾ ಪೇಪರ್ ಓದುವಾಗ ವಿಧಾನದ ಭಾಗಕ್ಕೆ ಹೋಗಿ. ಜನಾಂಗವನ್ನು ರೋಗಿಯೇ ಹೇಳಿದ್ದೋ, ಕೌಂಟರಿನವರು ಬರೆದದ್ದೋ? ರಿಜಿಸ್ಟ್ರಿಯ ಜನಾಂಗದ ಕೋಡ್‌ಗಳಲ್ಲಿ 'ಗೊತ್ತಿಲ್ಲ' ಎಂಬ 99ನೇ ಕೋಡ್‌ನವರನ್ನು ಸದ್ದಿಲ್ಲದೆ ಕೈಬಿಟ್ಟಿದ್ದಾರೋ?

[ಪರದೆ: 16 ಎಂಬ ಅಂಕಿ]

ನಮ್ಮ ಹುಬ್ಬಳ್ಳಿಯವರಿಗೆ ರಿಜಿಸ್ಟ್ರಿಯಲ್ಲಿ ಸ್ವಂತ ಕೋಡ್ ಸಿಕ್ಕಿದ್ದು 2010ರಲ್ಲಿ: 16. ಅಲ್ಲಿವರೆಗೆ ಭಾರತ, ಪಾಕಿಸ್ತಾನ ಎರಡಕ್ಕೂ ಸೇರಿ 09. ಪ್ರಕಟವಾಗುವ ಎಷ್ಟೋ ಕೋಷ್ಟಕಗಳಲ್ಲಿ ಇಂದಿಗೂ ಇವರು ಚೀನಿ, ಫಿಲಿಪಿನೋ, ಹವಾಯಿಯವರ ಜೊತೆ ಒಂದೇ ಸಾಲಿನಲ್ಲಿದ್ದಾರೆ.