ನಿಮ್ಮೂರ ಶಾಲೆಗೆ ಟೀಚರ್ ಬರೋದು ಯಾವ ಲೆಕ್ಕದ ಮೇಲೆ? ಯು-ಡೈಸ್ ಒಳಗೆ ಏನಿದೆ ನೋಡೋಣ ಬನ್ನಿ

[ಸ್ಕ್ರೀನ್ ಮೇಲೆ ಶಾಲೆ ಬೋರ್ಡ್, ಅದ್ರ ಕೆಳಗಿನ 11 ಅಂಕಿ ನಂಬರ್ ದೊಡ್ಡದಾಗ್ತಾ ಬರುತ್ತೆ]

ನಮಸ್ಕಾರ ಎಲ್ರಿಗೂ. ಶಾಲೆ ಬೋರ್ಡ್ ಮೇಲೆ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಡೈಸ್ ಕೋಡ್ ಅಂತ ಒಂದು ಉದ್ದನೆ ನಂಬರ್ ಬರ್ದಿರ್ತಾರೆ, ನೋಡಿರ್ತೀರ, ಯಾರೂ ತಲೆ ಕೆಡಿಸ್ಕೊಂಡಿರಲ್ಲ. ಅದು 11 ಅಂಕಿ. ಮೊದ್ಲೆರಡು ರಾಜ್ಯ, ಕರ್ನಾಟಕಕ್ಕೆ 29. ಆಮೇಲಿನ ಎರಡು ಜಿಲ್ಲೆ, ಇನ್ನೆರಡು ಬ್ಲಾಕ್ ಅಂದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸ್ ವ್ಯಾಪ್ತಿ, ಮುಂದಿನ ಮೂರು ಹಳ್ಳಿ ಅಥ್ವಾ ವಾರ್ಡು, ಕೊನೇ ಎರಡು ಆ ಹಳ್ಳೀಲಿ ಇದು ಎಷ್ಟನೇ ಶಾಲೆ ಅಂತ. ದೆಹಲೀಲಿ ಕೂತಿರೋರಿಗೆ ನಿಮ್ಮೂರ ಶಾಲೆ ಗೊತ್ತಿರೋದು ಈ ನಂಬರಿಂದ ಮಾತ್ರ. ಯು-ಡೈಸ್ ಅಂದ್ರೆ ದೇಶದ ಎಲ್ಲಾ ಶಾಲೆಗಳ ಮಾಹಿತಿ ಸೇರ್ಸೋ ಸರ್ಕಾರಿ ಸಿಸ್ಟಂ, ಅದ್ರಲ್ಲಿ ಹೆಡ್ ಮಾಸ್ಟರ್ರು ವರ್ಷಕ್ಕೊಂದ್ಸಲ ಈ ನಂಬರ್ ಎದುರಿಗೆ ಏನೇನು ತುಂಬ್ತಾರೋ ಅದ್ರ ಮೇಲೇ ಟೀಚರ್ ಎಷ್ಟು, ರೂಮ್ ಎಷ್ಟು, ದುಡ್ಡು ಎಷ್ಟು ಅನ್ನೋ ಲೆಕ್ಕ ನಡಿಯೋದು.

ಇವತ್ತಿನ ವಿಡಿಯೋ ಇದ್ರ ಬಗ್ಗೆನೇ. ಸ್ವಲ್ಪ ಅಂಕಿ ಅಂಶ ಬರುತ್ತೆ, ಬೋರ್ ಆಗದ ಹಾಗೆ ಹೇಳೋಕೆ ಟ್ರೈ ಮಾಡ್ತೀನಿ.

[ಟೈಟಲ್ ಕಾರ್ಡ್]

ಇದು ಶುರುವಾಗಿದ್ದು 1994-95ರಲ್ಲಿ. ಆಗ ಡಿಪಿಇಪಿ ಅಂತ, ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂತು, ಸರ್ಕಾರಿ ಶಾಲೆ ಮೇಷ್ಟ್ರಾಗಿದ್ದೋರಿಗೆ ಚೆನ್ನಾಗಿ ನೆನಪಿರುತ್ತೆ. ಮೊದ್ಲು 7 ರಾಜ್ಯದ 42 ಜಿಲ್ಲೆ, ನಮ್ಮಲ್ಲಿ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಪ್ಲ್ಯಾನಿಂಗನ್ನ ಜಿಲ್ಲೆ ಮಟ್ಟಕ್ಕೆ ಇಳಿಸ್ಬೇಕು ಅನ್ನೋದೇ ಅದ್ರ ಉದ್ದೇಶ ಆಗಿದ್ರಿಂದ, ಜಿಲ್ಲೇಲಿ ಯಾವ ಶಾಲೇಲಿ ಏನಿದೆ ಅಂತ ಗೊತ್ತಿಲ್ದೆ ಪ್ಲ್ಯಾನ್ ಹೇಗ್ ಮಾಡೋದು, ಅದಕ್ಕೆ ದೆಹಲಿಯ ನೀಪಾ ಅನ್ನೋ ಶಿಕ್ಷಣ ಯೋಜನೆ, ಆಡಳಿತದ ರಾಷ್ಟ್ರೀಯ ಸಂಸ್ಥೆ ಯುನಿಸೆಫ್ ಸಹಾಯ ತಗೊಂಡು ಡೈಸ್ ಅನ್ನೋ ಸಿಸ್ಟಂ ಮಾಡ್ತು. ಮುಂದೆ ಇದು ದೇಶ ಪೂರ್ತಿ ಹರಡ್ತು. ಹೈಸ್ಕೂಲಿಗೆ ಬೇರೆ ಲೆಕ್ಕ ಇತ್ತು, 2012-13ರಲ್ಲಿ ಎರಡನ್ನೂ ಸೇರ್ಸಿ ಯು-ಡೈಸ್ ಆಯ್ತು, 2018-19ರಿಂದ ಪೂರ್ತಿ ಆನ್‌ಲೈನ್ ಆಗಿ ಯು-ಡೈಸ್ ಪ್ಲಸ್ ಅಂತ ಹೆಸರು ಬಂತು. ಇತಿಹಾಸ ಇಷ್ಟು ಸಾಕು.

ಈಗ ಒಳಗೆ ಏನ್ ಕೇಳ್ತಾರೆ ನೋಡಿ. ಮೂರು ಭಾಗ ಇದೆ, ಶಾಲೆದು, ಟೀಚರ್‌ದು, ಮಕ್ಕಳದು. ಶಾಲೆ ಭಾಗದಲ್ಲಿ ರೂಮುಗಳ ಲೆಕ್ಕ ಬರುತ್ತೆ. ಒಟ್ಟು ಎಷ್ಟು ರೂಮು ಅಂತ ಕೇಳಿ ಬಿಡಲ್ಲ, ಚೆನ್ನಾಗಿರೋವು ಎಷ್ಟು, ಸಣ್ಣ ರಿಪೇರಿ ಬೇಕಾಗಿರೋವು ಎಷ್ಟು, ದೊಡ್ಡ ರಿಪೇರಿ ಬೇಕಾಗಿರೋವು ಎಷ್ಟು ಅಂತ ಬಿಡಿಸಿ ಕೇಳ್ತಾರೆ. ಶೌಚಾಲಯನೂ ಹಂಗೇ, ಹೆಣ್ಮಕ್ಕಳಿಗೆ ಎಷ್ಟಿದೆ ಅನ್ನೋದೊಂದು ಕಾಲಂ, ಅದ್ರಲ್ಲಿ ಬಳಸೋ ಸ್ಥಿತೀಲಿರೋದು ಎಷ್ಟು ಅನ್ನೋದು ಪಕ್ಕದ ಕಾಲಂ.

[ಸ್ಕ್ರೀನ್ ಮೇಲೆ ಎರಡು ಕಾಲಂ, ಮೊದಲನೇದ್ರಲ್ಲಿ 2, ಎರಡನೇದು ಖಾಲಿ]

ನನ್ನ ಕೇಳಿದ್ರೆ ಇಡೀ ಫಾರ್ಮಲ್ಲಿ ಜೀವ ಇರೋದು ಈ ಎರಡನೇ ಕಾಲಂನಲ್ಲೇ. ಕಟ್ಟಿಸಿದ್ದು ಎಷ್ಟು ಅನ್ನೋದು ಬಿಲ್ ನೋಡಿದ್ರೂ ಗೊತ್ತಾಗುತ್ತೆ, ಆದ್ರೆ ನೀರಿಲ್ದೆ ಬೀಗ ಹಾಕಿರೋ ಟಾಯ್ಲೆಟ್ಟು ಬಿಲ್ಲಲ್ಲಿ ಕಾಣಲ್ಲ. ಅಲ್ಲಿ ಹೋದ ವರ್ಷದ್ದೇ ನಂಬರ್ ಎತ್ತಿ ಹಾಕ್ಬಿಟ್ರೆ, 2 ಇದೆ 2 ನಡೀತಿದೆ ಅಂತ ಮೇಲಕ್ಕೆ ಹೋಗುತ್ತೆ, ಮೇಲಿರೋರು ಆ ಶಾಲೆ ಹೆಸರನ್ನ ಟಾಯ್ಲೆಟ್ ಪಟ್ಟಿಯಿಂದ ಹೊಡೆದು ಹಾಕ್ತಾರೆ, ಅಲ್ಲಿಗೆ ಕಥೆ ಮುಗೀತು. ಯಾರೋ ದೊಡ್ಡ ಅಧಿಕಾರಿ ಅನ್ಯಾಯ ಮಾಡಿದ್ದಲ್ಲ ಇದು, ಕೆಳಗಡೆ ಒಂದು ಬಾಕ್ಸ್ ಬೇಗ ಮುಗಿಸೋಣ ಅಂತ ತುಂಬಿದ್ದು ಅಷ್ಟೆ. ರೂಮೂ ಅಷ್ಟೇ, ಮಳೆಗಾಲದಲ್ಲಿ ಬಕೆಟ್ ಇಟ್ಕೊಂಡು ಪಾಠ ಮಾಡಿದ ರೂಮನ್ನ ಬಿಸಿಲು ಬಂದ್ಮೇಲೆ ಚೆನ್ನಾಗಿದೆ ಅಂತ ಬರೆದ್ರೆ, ರಿಪೇರಿ ದುಡ್ಡು ಕೇಳೋಕೆ ಆಧಾರನೇ ಇರಲ್ಲ.

ಮೇಷ್ಟ್ರ ಕಡೆಯಿಂದನೂ ನೋಡ್ಬೇಕು, ನ್ಯಾಯ ಅಂದ್ರೆ ನ್ಯಾಯ. ನಮ್ಮಲ್ಲಿ ಸ್ಯಾಟ್ಸ್ ಅಂತ ಮಕ್ಕಳ ಮಾಹಿತಿ ತುಂಬೋ ರಾಜ್ಯದ ಸಿಸ್ಟಂ ಬೇರೆ ಇದೆ, ಬಿಸಿಯೂಟದ ಲೆಕ್ಕ ಬೇರೆ, ಸ್ಕಾಲರ್‌ಶಿಪ್ ಬೇರೆ, ಎಲೆಕ್ಷನ್ ಡ್ಯೂಟಿ ಇದ್ದೇ ಇದೆ. ಇಬ್ಬರೇ ಟೀಚರ್ ಇರೋ ಕಿರಿಯ ಪ್ರಾಥಮಿಕ ಶಾಲೇಲಿ ಒಬ್ಬರು ಮೊಬೈಲ್ ಹಿಡ್ಕೊಂಡು ಸರ್ವರ್ ಬರೋದನ್ನ ಕಾಯ್ತಾ ಕೂತ್ರೆ ಐದೂ ಕ್ಲಾಸನ್ನ ಇನ್ನೊಬ್ಬರು ನೋಡ್ಬೇಕು. ಅದೇ ಮಗು, ಅದೇ ಹೆಸರು, ಅದೇ ಹುಟ್ಟಿದ ತಾರೀಕನ್ನ ಎಷ್ಟು ಕಡೆ ಟೈಪ್ ಮಾಡೋದು ಹೇಳಿ. ಒಂದ್ಕಡೆ ಹಾಕಿದ್ದು ಎಲ್ಲಾ ಕಡೆ ಹೋಗೋ ಹಾಗೆ ಮಾಡದೆ ಡೇಟಾ ಸರಿ ಇಲ್ಲ ಅಂತ ಟೀಚರ್ರನ್ನ ಬೈಯೋದು ನನಗೇನೋ ಸರಿ ಅನ್ಸಲ್ಲ.

ಸರಿ, ಈಗ ಮುಖ್ಯ ವಿಷ್ಯಕ್ಕೆ ಬರೋಣ. ಈ ನಂಬರ್ರು ಪ್ಲ್ಯಾನ್ ಆಗೋದು ಹೇಗೆ?

ಆರ್‌ಟಿಇ ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದಿದ್ದು 2010 ಏಪ್ರಿಲ್ 1. ಅದ್ರಲ್ಲಿ 1ರಿಂದ 5ನೇ ಕ್ಲಾಸಿಗೆ ಒಂದು ಟೇಬಲ್ ಇದೆ. 60 ಮಕ್ಕಳವರೆಗೆ ಇಬ್ಬರು ಟೀಚರ್, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು, 150 ದಾಟಿದ್ರೆ ಹೆಡ್ ಮಾಸ್ಟರ್ ಬೇರೆ.

[ಸ್ಕ್ರೀನ್ ಮೇಲೆ ಎರಡು ಶಾಲೆ ಚಿತ್ರ]

ಒಂದು ಲೆಕ್ಕ ಮಾಡೋಣ, ಇದು ಬರೀ ಉದಾಹರಣೆ, ನಿಜವಾದ ಶಾಲೆ ಅಲ್ಲ. ಒಂದು ಹಳ್ಳಿ ಶಾಲೇಲಿ 18 ಮಕ್ಕಳು, ಇಬ್ಬರು ಟೀಚರ್. ನಾಲ್ಕು ಕಿಲೋಮೀಟರ್ ಆಚೆ ಇನ್ನೊಂದು ಶಾಲೇಲಿ 142 ಮಕ್ಕಳು, ಮೂವರು ಟೀಚರ್. ಎರಡೂ ಸೇರ್ಸಿದ್ರೆ 160 ಮಕ್ಕಳು, ಐದು ಟೀಚರ್, ಸರಾಸರಿ ಒಬ್ಬ ಟೀಚರಿಗೆ 32 ಮಕ್ಕಳು. 30 ಇರ್ಬೇಕು, 32 ಇದೆ, ಪರ್ವಾಗಿಲ್ಲ ಅಡ್ಜಸ್ಟ್ ಮಾಡ್ಕೋಬೋದು ಅಂತ ಮೀಟಿಂಗಲ್ಲಿ ಮುಂದಿನ ವಿಷ್ಯಕ್ಕೆ ಹೋಗ್ತಾರೆ. ಆದ್ರೆ ನಿಜವಾಗ್ಲೂ ಅಲ್ಲಿ ಏನಿದೆ, ಒಂದ್ಕಡೆ ಒಬ್ಬರಿಗೆ 9 ಮಕ್ಕಳು, ಇನ್ನೊಂದ್ಕಡೆ ಒಬ್ಬರಿಗೆ 47. ಹಂಗಂತ ಸಣ್ಣ ಶಾಲೆಯಿಂದ ಒಬ್ಬರನ್ನ ಎತ್ತೋ ಹಾಗಿಲ್ಲ, ಕಾಯ್ದೆ ಪ್ರಕಾರ ಅಲ್ಲಿ ಇಬ್ಬರು ಇರ್ಲೇಬೇಕು, ದೊಡ್ಡ ಶಾಲೆಗೆ ಬೇಕಾಗಿರೋದು ಐವರು, ಅಂದ್ರೆ ಇನ್ನಿಬ್ಬರು ಹೊಸದಾಗಿ ಬರ್ಬೇಕು. ತಾಲ್ಲೂಕು ಸರಾಸರಿ ನೋಡಿದೋರಿಗೆ ಈ ಇಬ್ಬರು ಕಾಣೋದೇ ಇಲ್ಲ, ಶಾಲೆವಾರು ಶೀಟ್ ತೆಗೆದ್ರೆ ಎರಡು ನಿಮಿಷದಲ್ಲಿ ಕಾಣ್ತಾರೆ.

ದೇಶದ ಲೆಕ್ಕದಲ್ಲೂ ಇದೇ ಆಟ. 2024-25ರ ಯು-ಡೈಸ್ ಪ್ರಕಾರ ಟೀಚರ್‌ಗಳ ಸಂಖ್ಯೆ ಮೊದಲ ಸಲ 1 ಕೋಟಿ ದಾಟಿದೆ, ಮಕ್ಕಳು ಸುಮಾರು 24.69 ಕೋಟಿ, ಭಾಗಿಸಿ ನೋಡಿದ್ರೆ ಒಬ್ಬರಿಗೆ 25 ಮಕ್ಕಳೂ ಇಲ್ಲ, ಭಲೇ ಅನ್ಸುತ್ತೆ. ಅದೇ ರಿಪೋರ್ಟಲ್ಲಿ ಇನ್ನೊಂದು ಸಾಲಿದೆ, ಒಬ್ಬರೇ ಟೀಚರ್ ಇರೋ ಶಾಲೆಗಳು 1 ಲಕ್ಷಕ್ಕೂ ಜಾಸ್ತಿ. ಎರಡೂ ನಿಜ, ಎರಡೂ ಒಂದೇ ವರ್ಷದ್ದು. ಯಾವ ಸಾಲನ್ನ ಪತ್ರಿಕೆಗೆ ಕೊಡ್ತಾರೆ ಅನ್ನೋದು ಕೊಡೋರಿಗೆ ಬಿಟ್ಟಿದ್ದು, ಅದಿರ್ಲಿ.

ದುಡ್ಡಿನ ವಿಷ್ಯ ಇನ್ನೂ ಮಜಾ ಇದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗೆ ವರ್ಷಕ್ಕೊಂದು ಅನುದಾನ ಇದೆ, ಚಾಕ್‌ಪೀಸು, ಕರೆಂಟ್ ಬಿಲ್ಲು, ಸಣ್ಣಪುಟ್ಟ ರಿಪೇರಿ ಎಲ್ಲಾ ಅದ್ರಲ್ಲೇ. 2021ರ ಚೌಕಟ್ಟಿನ ಪ್ರಕಾರ 30 ಮಕ್ಕಳವರೆಗೆ 10,000 ರೂಪಾಯಿ, 30 ದಾಟಿದ್ರೆ 100ರವರೆಗೆ 25,000, ಆಮೇಲೆ 250ರವರೆಗೆ 50,000, ಹಿಂಗೆ ಏರ್ತಾ ಹೋಗುತ್ತೆ. ಈಗ ನೀವು 30 ಮಕ್ಕಳಿರೋ ಶಾಲೆ ಎಚ್‌ಎಂ ಅಂದ್ಕೊಳಿ. ಒಂದೇ ಒಂದು ಹೆಸರು ಜಾಸ್ತಿ ಇದ್ರೆ 15,000 ಜಾಸ್ತಿ ಬರುತ್ತೆ. 60 ಮಕ್ಕಳಿರೋ ಶಾಲೇಲಿ ಇನ್ನೊಂದು ಹೆಸರಿದ್ರೆ ಮೂರನೇ ಟೀಚರ್ ಕೇಳ್ಬೋದು. ಪಕ್ಕದೂರಿನ ಪ್ರೈವೇಟ್ ಶಾಲೆಗೆ ಹೋದ ಹುಡುಗನ ಹೆಸರು ಹೊಡೆಯೋಕೆ ಕೈ ಬರಲ್ಲ, ಆ ಕಡೆ ಅವ್ರೂ ಸೇರ್ಸ್ಕೊಂಡಿರ್ತಾರೆ, ಒಂದೇ ಹುಡುಗ ಎರಡು ಶಾಲೇಲಿ ಓದ್ತಿರ್ತಾನೆ, ಕಾಗದದ ಮೇಲೆ.

ಹಿಂದೆ ಇದನ್ನ ಹಿಡಿಯೋದು ಕಷ್ಟ ಇತ್ತು, ಯಾಕಂದ್ರೆ ಶಾಲೆ ಕೊಡ್ತಿದ್ದಿದ್ದು ಒಟ್ಟು ನಂಬರ್ ಅಷ್ಟೇ, 3ನೇ ಕ್ಲಾಸಲ್ಲಿ ಗಂಡು 11, ಹೆಣ್ಣು 9, ಹೀಗೆ. 2022-23ರಿಂದ ಪ್ರತಿ ಮಗುವಿನ ಮಾಹಿತಿನೂ ಬೇರೆ ಬೇರೆ ಹಾಕ್ಬೇಕು ಅಂತ ಬಂತು, ಮಗುವಿಗೆ ಪೆನ್ ಅಂತ ಒಂದು ಖಾಯಂ ನಂಬರ್. ಮಗು ಶಾಲೆ ಬಿಟ್ರೆ ಡ್ರಾಪ್‌ಬಾಕ್ಸ್ ಅನ್ನೋ ಪಟ್ಟಿಗೆ ಹೋಗುತ್ತೆ, ಹೊಸ ಶಾಲೆಯೋರು ಅದೇ ಪೆನ್ ನಂಬರ್ ಹಾಕಿ ಅಲ್ಲಿಂದ ಎತ್ಕೋಬೇಕು. ಯಾರೂ ಎತ್ಕೊಳ್ದೆ ಅಲ್ಲೇ ಉಳ್ಕೊಂಡ್ರೆ, ಮಗು ಎಲ್ಲೋಯ್ತು ಅಂತ ಹುಡುಕೋಕೆ ಕೊನೇಪಕ್ಷ ಒಂದು ಹೆಸರಾದ್ರೂ ಸಿಗುತ್ತೆ. ಮೊದ್ಲು ಸಿಗ್ತಿದ್ದಿದ್ದು ಬರೀ ಪರ್ಸೆಂಟೇಜು.

[ಸ್ಕ್ರೀನ್ ಮೇಲೆ ಗ್ರಾಫ್: 2021-22ರಲ್ಲಿ 26.52 ಕೋಟಿ, 2022-23ರಲ್ಲಿ 25.17 ಕೋಟಿ, 2023-24ರಲ್ಲಿ 24.80 ಕೋಟಿ]

ಇದಾದ್ಮೇಲೆ ಏನಾಯ್ತು ನೋಡಿ. ದೇಶದ ಒಟ್ಟು ದಾಖಲಾತಿ 26.52 ಕೋಟಿಯಿಂದ ಮೊದಲ ವರ್ಷಕ್ಕೇ 25.17 ಕೋಟಿಗೆ ಬಿತ್ತು, ಮರುವರ್ಷ 24.80. ಅಯ್ಯೋ ಕೋಟಿಗಟ್ಲೆ ಮಕ್ಕಳು ಶಾಲೆ ಬಿಟ್ರು ಅಂತ ಟಿವೀಲಿ ಬಂತು, ವಾಟ್ಸಾಪಲ್ಲೂ ಓಡಾಡ್ತು. ಕೇಂದ್ರ ಶಿಕ್ಷಣ ಸಚಿವಾಲಯ ಹೇಳಿದ್ದು, ಎಣಿಸೋ ವಿಧಾನನೇ ಬದಲಾಗಿದೆ, ಹಳೇ ವರ್ಷಗಳ ಜೊತೆ ನೇರವಾಗಿ ಹೋಲಿಸ್ಬೇಡಿ ಅಂತ. ಅದು ನಿಜವೇ, ಎರಡೆರಡು ಕಡೆ ಇದ್ದ ಹೆಸರು ಹೋಗಿರುತ್ತೆ. ಆದ್ರೆ ಹುಟ್ಟೋ ಮಕ್ಕಳೂ ಕಮ್ಮಿ ಆಗ್ತಿದಾರೆ, ನಿಜವಾಗ್ಲೂ ಶಾಲೆ ಬಿಟ್ಟೋರೂ ಇದಾರೆ, ದಾಖಲೆ ಸರಿ ಇಲ್ದೆ ಎಂಟ್ರಿನೇ ಆಗದೋರೂ ಇರ್ಬೋದು. ಒಂದೇ ಇಳಿತದಲ್ಲಿ ಇಷ್ಟೂ ಕಲಸ್ಕೊಂಡಿದೆ. ಹಾಗಾಗಿ ಈ ಗ್ರಾಫ್ ತೋರ್ಸಿ ಸರ್ಕಾರ ಹಾಳು ಅನ್ನೋರನ್ನೂ ನಂಬ್ಬೇಡಿ, ಎಲ್ಲಾ ಬೋಗಸ್ ಹೆಸರು ಅಷ್ಟೇ ಅನ್ನೋರನ್ನೂ ನಂಬ್ಬೇಡಿ. ಎಣಿಸೋ ರೀತಿ ಬದಲಾದ ವರ್ಷ ಗ್ರಾಫಲ್ಲಿ ಒಂದು ಗೆರೆ ಎಳೆದು, ಅಲ್ಲಿಂದಾಚೆಗೆ ಬೇರೆ ಲೆಕ್ಕ ಅಂತ ನೋಡೋದೇ ಸರಿ.

ಇನ್ನೊಂದು ಸಮಸ್ಯೆ ಇದೆ, ಇದು ನಮ್ಮ ಕಲ್ಯಾಣ ಕರ್ನಾಟಕದೋರಿಗೆ ತಕ್ಷಣ ಅರ್ಥ ಆಗುತ್ತೆ. ಬಹಳ ವರ್ಷ ಸೆಪ್ಟೆಂಬರ್ 30ಕ್ಕೆ ಎಷ್ಟು ಮಕ್ಕಳಿದಾರೆ ಅನ್ನೋದೇ ಆ ವರ್ಷದ ಲೆಕ್ಕ ಆಗಿತ್ತು. ಯಾದಗಿರಿ, ಕಲಬುರಗಿ ಕಡೆ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೋಗೋದು ಅದಾದ್ಮೇಲೆ, ಬೆಂಗ್ಳೂರು, ಪುಣೆ, ಮುಂಬೈ, ಗೋವಾ ಅಂತ. ಮಕ್ಕಳೂ ಜೊತೆಗೇ ಹೋಗ್ತಾರೆ. ಸೆಪ್ಟೆಂಬರಲ್ಲಿ ಎಣಿಸಿದಾಗ ಶಾಲೆ ತುಂಬಿರುತ್ತೆ, ಡಿಸೆಂಬರಲ್ಲಿ ಬೆಂಚು ಖಾಲಿ, ಆ ಕಡೆ ಬೆಂಗ್ಳೂರಲ್ಲಿ ಕಟ್ಟಡ ಕೆಲ್ಸದ ಶೆಡ್ ಪಕ್ಕದಲ್ಲಿರೋ ಶಾಲೆ ಲೆಕ್ಕದಲ್ಲಿ ಆ ಮಗು ಇಲ್ವೇ ಇಲ್ಲ. ಒಂದು ದಿನದ ಫೋಟೋ ಇಟ್ಕೊಂಡು ಇಡೀ ವರ್ಷದ ಪ್ಲ್ಯಾನ್ ಮಾಡಿದ್ರೆ ಹಿಂಗಾಗುತ್ತೆ. ಇಂಥ ಬ್ಲಾಕುಗಳಿಗೆ ದಾಖಲಾತಿ ಜೊತೆಗೆ ತಿಂಗಳವಾರು ಹಾಜರಾತಿನೂ ಇಟ್ಟು ನೋಡ್ದೆ ಹಾಸ್ಟೆಲ್ ಎಲ್ಲಿ ಬೇಕು, ಎಷ್ಟು ಸೀಟು ಬೇಕು ಅಂತ ತೀರ್ಮಾನ ಮಾಡೋಕಾಗಲ್ಲ.

ಪ್ರದೇಶವಾರು ನೋಡೋದು ನಮಗೇನು ಹೊಸದಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಆಗಿದ್ದ 175 ತಾಲ್ಲೂಕನ್ನ ಒಂದೊಂದಾಗಿ ಅಳೆದು 114 ಹಿಂದುಳಿದಿವೆ, ಅದ್ರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಪಟ್ಟಿ ಮಾಡ್ತು. ಜಿಲ್ಲೆ ಸರಾಸರಿ ನಂಬ್ಕೊಂಡು ಕೂತಿದ್ರೆ ಮುಂದುವರಿದ ಜಿಲ್ಲೆ ಒಳಗಿನ ಹಿಂದುಳಿದ ತಾಲ್ಲೂಕು ಕಾಣ್ತಾನೇ ಇರ್ಲಿಲ್ಲ. ಈಗ ತಾಲ್ಲೂಕಿಗಿಂತ ಕೆಳಗೆ, ಒಂದೊಂದು ಶಾಲೆವರೆಗೂ ಪ್ರತಿ ವರ್ಷ ಡೇಟಾ ಇದೆ. ಸಿಆರ್‌ಪಿ ಅಂದ್ರೆ ಅಕ್ಕಪಕ್ಕದ ಶಾಲೆಗಳ ಗುಂಪನ್ನ, ಅಂದ್ರೆ ಕ್ಲಸ್ಟರನ್ನ, ನೋಡ್ಕೊಳೋ ಸಂಪನ್ಮೂಲ ವ್ಯಕ್ತಿ ನೋಡ್ತಾರೆ, ಬ್ಲಾಕಲ್ಲಿ ಚೆಕ್ ಮಾಡ್ತಾರೆ, ಜಿಲ್ಲೆ, ರಾಜ್ಯ ಅಂತ ಮೇಲೆ ಹೋಗುತ್ತೆ, ಅದ್ರ ಮೇಲೇ ವಾರ್ಷಿಕ ಯೋಜನೆ ಮತ್ತು ಬಜೆಟ್ ತಯಾರಾಗಿ ದೆಹಲೀಲಿ ಮಂಜೂರಾತಿಗೆ ಕೂರುತ್ತೆ. ಆದ್ರೆ ಮೇಲಕ್ಕೆ ಹೋದಷ್ಟು ಸಲೀಸಾಗಿ ಕೆಳಗೆ ಬರಲ್ಲ. ನಿಮ್ಮ ಕ್ಲಸ್ಟರಲ್ಲಿ ಈ ವರ್ಷ 7ನೇ ಕ್ಲಾಸಲ್ಲಿ ಇಷ್ಟು ಹೆಣ್ಮಕ್ಕಳಿದಾರೆ, ಹೋದ ವರ್ಷ 7 ಮುಗಿಸಿದೋರಲ್ಲಿ ಇಷ್ಟೇ ಜನ 8ಕ್ಕೆ ಸೇರಿದಾರೆ, ಹೈಸ್ಕೂಲ್ ಇಷ್ಟು ದೂರ ಇದೆ ಅಂತ ಒಂದು ಹಾಳೆ ಎಚ್‌ಎಂ ಕೈಗೆ ವಾಪಸ್ ಬಂದ್ರೆ, ತುಂಬೋರಿಗೂ ತುಂಬಿದ್ದಕ್ಕೆ ಬೆಲೆ ಇದೆ ಅನ್ಸುತ್ತೆ, ಬಸ್ ಬೇಕಾ ಹಾಸ್ಟೆಲ್ ಬೇಕಾ ಇಲ್ಲೇ 8ನೇ ಕ್ಲಾಸ್ ತೆಗಿಬೇಕಾ ಅಂತ ಊರಲ್ಲೇ ಮಾತು ಶುರುವಾಗುತ್ತೆ.

[ಸ್ಕ್ರೀನ್ ಮೇಲೆ ಮೊಬೈಲ್, ಶಾಲೆ ಹುಡುಕೋ ಪೇಜ್]

ಈಗ ನೀವೇನ್ ಮಾಡ್ಬೋದು ಅಂದ್ರೆ, ಯು-ಡೈಸ್ ಪ್ಲಸ್ ಸೈಟಲ್ಲಿ ನೋ ಯುವರ್ ಸ್ಕೂಲ್ ಅಂತ ಒಂದು ಆಯ್ಕೆ ಇದೆ, ಯಾರ್ ಬೇಕಾದ್ರೂ ನೋಡ್ಬೋದು. ಬೋರ್ಡ್ ಮೇಲಿನ 11 ಅಂಕಿ ಹಾಕಿ, ನಿಮ್ಮೂರ ಶಾಲೆ ತೆಗೀರಿ. ಟೀಚರ್ ಎಷ್ಟು ಅಂತ ಇದೆ, ರೂಮ್ ಎಷ್ಟು ಚೆನ್ನಾಗಿದೆ ಅಂತ ಇದೆ, ಟಾಯ್ಲೆಟ್ ಎಷ್ಟಿದೆ ಅಂತ ಇದೆ ನೋಡ್ಕೊಳಿ, ಆಮೇಲೆ ಶಾಲೆಗೆ ಹೋಗಿ ಒಂದ್ಸಲ ಕಣ್ಣಾರೆ ನೋಡಿ. ವ್ಯತ್ಯಾಸ ಇದ್ರೆ ಫೇಸ್‌ಬುಕ್ಕಲ್ಲಿ ಹಾಕೋ ಮುಂಚೆ ಎಚ್‌ಎಂ ಹತ್ರ ಮಾತಾಡಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಕೇಳಿ, ಬ್ಲಾಕಲ್ಲಿ ಆ ವರ್ಷದ್ದು ಸರ್ಟಿಫೈ ಆಗೋಕೆ ಮೊದ್ಲೇ ಕೇಳಿದ್ರೆ ತಿದ್ದೋದು ಸುಲಭ. ಏನೇನ್ ವ್ಯತ್ಯಾಸ ಸಿಕ್ತು ಅಂತ ಕಾಮೆಂಟಲ್ಲಿ ಬರೀರಿ, ಶಾಲೆ ಹೆಸರು ಬೇಡ, ಯಾವ ಕಾಲಂ ಅಂತ ಹೇಳಿ ಸಾಕು. ಜಾಸ್ತಿ ಬಂದಿರೋ ಕಾಲಂ ಇಟ್ಕೊಂಡು ಮುಂದಿನ ವಿಡಿಯೋ ಮಾಡ್ತೀನಿ.